‘ದೊಡ್ಡಣ್ಣ’ ಅಂತ ಬರೆದಿದ್ದಕ್ಕೆ ಕೆಂಪು ಗೆರೆ: ಬಲಾಢ್ಯ ದೇಶಕ್ಕೆ ಕನ್ನಡದಲ್ಲಿ ಏನನ್ನಬೇಕು?

ಸಪ್ತಾಪುರ_ರೂಮ್:
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಕೆಎಎಸ್ ತಯಾರಿ ಮಾಡುತ್ತಿದ್ದೇನೆ. ಮೊನ್ನೆ ಕ್ಲಾಸಿನಲ್ಲಿ ವಿದೇಶಾಂಗ ನೀತಿ ಮೇಲೆ ಪ್ರಬಂಧ ಬರೆಸಿದರು. ನಾನು “ವಿಶ್ವದ ದೊಡ್ಡಣ್ಣ ಅಮೆರಿಕ ಭಾರತದ ಮೇಲೆ ಒತ್ತಡ ಹೇರಿತು” ಅಂತ ಬರೆದೆ. ಪೇಪರ್ ವಾಪಸ್ ಬಂದಾಗ ‘ದೊಡ್ಡಣ್ಣ’ನ ಕೆಳಗೆ ಎರಡು ಕೆಂಪು ಗೆರೆ, ಪಕ್ಕದಲ್ಲಿ “ಪೇಪರ್ ಭಾಷೆ” ಅಂತ ಷರಾ. ಸರಿ ಅಂತ ಮುಂದಿನ ಸಲ ‘ಮಹಾಶಕ್ತಿ’ ಹಾಕಿದೆ. ಅದಕ್ಕೂ ಗೆರೆ! “ಯಾವ ಅರ್ಥದಲ್ಲಿ?” ಅಂತ ಪ್ರಶ್ನೆ ಬೇರೆ. ಪಕ್ಕದಲ್ಲಿ ಕೂರುವ ಹುಡುಗ ‘ಬಲಾಢ್ಯ ರಾಷ್ಟ್ರ’ ಅಂತ ಬರೆದಿದ್ದ, ಅವನಿಗೆ ಏನೂ ಅಂದಿಲ್ಲ.

ಸೂಪರ್ ಪವರ್, ಮಹಾಶಕ್ತಿ, ಬಲಾಢ್ಯ ರಾಷ್ಟ್ರ, ಅಗ್ರರಾಷ್ಟ್ರ, ದೊಡ್ಡಣ್ಣ. ಇವೆಲ್ಲ ಒಂದೇನಾ, ಬೇರೆ ಬೇರೆನಾ? ತಿಳಿದವರು ಹೇಳಿ. ಸರ್ ಹತ್ತಿರ ಕೇಳೋಕೆ ಧೈರ್ಯ ಇಲ್ಲ.

ಗಿರ್ಮಿಟ್_ಪ್ರಿಯ:
‘ಮಹಾಶಕ್ತಿ’ ಅಂದರೆ ನಮ್ಮ ಓಣಿಯಲ್ಲಿ ದ್ಯಾಮವ್ವನ ಗುಡಿ ಕಡೆ ಕೈ ತೋರಿಸುತ್ತಾರೆ. ಬರೀ ‘ಶಕ್ತಿ’ ಅಂದರೆ 2023ರಿಂದ ಹೆಣ್ಣುಮಕ್ಕಳ ಫ್ರೀ ಬಸ್ಸು. ಅಮೆರಿಕಕ್ಕೆ ಎಲ್ಲಿದೆ ಜಾಗ?

ನಿವೃತ್ತ_ಉಪಸಂಪಾದಕ:
ತಂಗಿ, ಆ ಕೆಂಪು ಗೆರೆಯಲ್ಲಿ ಅರ್ಧ ನನಗೆ ಬೀಳಬೇಕಾದದ್ದು. ಹುಬ್ಬಳ್ಳಿಯಲ್ಲಿ ಬಹಳ ವರ್ಷ ರಾತ್ರಿ ಪಾಳಿ ಮಾಡಿದವನು ನಾನು. ಏಜೆನ್ಸಿ ಸುದ್ದಿ ಇಂಗ್ಲಿಷಿನಲ್ಲಿ ಬರುತ್ತಿತ್ತು, ಹನ್ನೆರಡರ ಒಳಗೆ ಪುಟ ಬಿಡಬೇಕು. ಹೆಡ್ಡಿಂಗಿನಲ್ಲಿ ‘ಅಮೆರಿಕ’ ಒಮ್ಮೆ ಬಂದರೆ ಅದರ ಕೆಳಗಿನ ಸಾಲಿನಲ್ಲಿ ಮತ್ತೆ ಬರಬಾರದು ಅಂತ ನಮ್ಮ ಚೀಫ್ ಸಬ್ ಅವರ ಕಟ್ಟಪ್ಪಣೆ. ಆಗ ಏನು ಮಾಡೋದು? ಎರಡನೇ ಸಾಲಿಗೆ ‘ದೊಡ್ಡಣ್ಣ’. ಚೀನಾ ಎರಡನೇ ಸಲ ಬಂದರೆ ‘ಡ್ರ್ಯಾಗನ್’. ರಷ್ಯ ಬಂದರೆ ‘ಕೆಂಪು ರಾಷ್ಟ್ರ’. 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆದು ಹೋಯಿತು, ಆದರೂ ಒಬ್ಬ ಮಿತ್ರರು ಇನ್ನೂ ಎರಡು ವರ್ಷ ‘ಕೆಂಪು’ ಬಿಡಲಿಲ್ಲ.

ಅಂದರೆ ಈ ಹೆಸರುಗಳು ಅರ್ಥಕ್ಕಾಗಿ ಬಂದವಲ್ಲ. ಒಂದೇ ಪದ ಎರಡು ಸಲ ಬರಬಾರದು ಅಂತ, ಕಾಲಂ ಅಗಲಕ್ಕೆ ಹಿಡಿಸಲಿ ಅಂತ ಬಂದವು. ನಿಮ್ಮ ಸರ್ ಹಾಕಿದ ಷರಾ ಸರಿಯಾಗಿಯೇ ಇದೆ.

ಇನ್ನೊಂದು ಮಾತು. ‘ಅಮೆರಿಕ ಹೇಳಿತು’ ಅನ್ನುವಾಗ ದೇಶ ನಪುಂಸಕ ಲಿಂಗ. ‘ದೊಡ್ಡಣ್ಣ ಗುಡುಗಿದ’ ಅಂದ ಕೂಡಲೇ ಗಂಡಸಾಗಿಬಿಡುತ್ತದೆ. ಮೀಸೆ ಬರುತ್ತದೆ, ಸಿಟ್ಟು ಬರುತ್ತದೆ. ಹತ್ತಾರು ಸಚಿವಾಲಯ, ಸಂಸತ್ತು, ಕೋರ್ಟು ಇರುವ ದೇಶವನ್ನು ಒಬ್ಬ ಸಿಡುಕ ಮನುಷ್ಯನನ್ನಾಗಿ ಮಾಡುವುದಕ್ಕೆ ಒಂದೇ ಪದ ಸಾಕಾಯಿತು ನೋಡಿ.

ಹಾವೇರಿ_ಹಿರಿಸೊಸೆ:
ಉಪಸಂಪಾದಕ ಸರ್, ಒಂದು ಕೇಳಲಾ? ‘ದೊಡ್ಡಣ್ಣ ಗುಡುಗಿದ’ ಅಂತಲೇ ಯಾಕೆ ಬರೆಯುತ್ತಿದ್ದಿರಿ, ‘ಗುಡುಗಿದರು’ ಅಂತ ಯಾಕಿಲ್ಲ? ನಮ್ಮ ಕಡೆ ಮನೆಯ ಹಿರಿ ಮಗನನ್ನು ತಮ್ಮಂದಿರು ‘ಅಣ್ಣಾರು’ ಅಂತಾರೆ. ‘ಅಣ್ಣಾರು ಬಂದರು, ಅಣ್ಣಾರು ಊಟ ಮಾಡಿದರು’. ಏಕವಚನದ ದೊಡ್ಡಣ್ಣ ಅಂದರೆ ಅಲ್ಲೇ ಒಂದು ಚುಚ್ಚು ಇದೆ.

ನಮ್ಮ ಮನೆಯದೇ ಹೇಳುತ್ತೇನೆ. ನನ್ನ ಯಜಮಾನರು ಹಿರಿಯರು, ಕೆಳಗೆ ಮೂರು ಮೈದುನರು. ಮಾವ ತೀರಿಕೊಂಡ ಮೇಲೆ ಹೊಲದ ಉತಾರ ಇವರ ಹೆಸರಿಗೆ ಬಂತು. ತಮ್ಮಂದಿರ ಓದು, ಮದುವೆ, ಸೊಸೈಟಿ ಸಾಲ, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಒಯ್ಯುವುದು ಎಲ್ಲ ಇವರೇ. ಸುಳ್ಳು ಹೇಳಬಾರದು, ಕಷ್ಟಪಟ್ಟರು. ಆದರೆ ಪಾಲು ಮಾಡುವ ದಿನ ಬಾವಿ ಇರುವ ಹೊಲ ನಮ್ಮ ಪಾಲಿಗೇ ಬಂತು. ಯಾರೂ ಬಾಯಿ ಬಿಡಲಿಲ್ಲ. ಕೊನೆಯ ಮೈದುನ ಮಾತ್ರ ಅವತ್ತಿನಿಂದ ‘ಅಣ್ಣಾರು’ ಅನ್ನುವುದನ್ನು ಬಿಟ್ಟ. ಈಗ ಊರವರ ಮುಂದೆ “ನಮ್ಮ ದೊಡ್ಡಣ್ಣನ್ನ ಕೇಳ್ರಿ” ಅಂತಾನೆ. ಅದು ಕಿವಿಗೆ ಹೇಗೆ ಬೀಳುತ್ತದೆ ಅಂತ ನನಗೆ ಗೊತ್ತು.

ನಿವೃತ್ತ_ಉಪಸಂಪಾದಕ:
ಅಕ್ಕಾ, ಇದನ್ನು ಅಷ್ಟು ವರ್ಷ ಡೆಸ್ಕಿನಲ್ಲಿ ಕೂತರೂ ನಾನು ಯೋಚಿಸಿರಲಿಲ್ಲ.

ಗದಗ_ಪಾಠದಮನೆ:
ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಮೊದಲು ‘ಸೂಪರ್ ಪವರ್’ ಕತೆ. ಗಿರ್ಮಿಟ್ ಅವರಿಗೆ ಖುಷಿ ಆಗುವ ವಿಷಯ ಇದೆ: 1920ರ ದಶಕದಲ್ಲಿ ಅಮೆರಿಕದಲ್ಲಿ ಈ ಪದವನ್ನು ಬಳಸಿದ್ದು ಕರೆಂಟಿಗೆ. ಊರೂರಿನ ವಿದ್ಯುತ್ ಕೇಂದ್ರಗಳನ್ನು ಒಂದೇ ಜಾಲಕ್ಕೆ ಜೋಡಿಸುವ ಯೋಜನೆಗೆ ಸೂಪರ್ ಪವರ್ ಅಂತಿದ್ದರು.

ದೇಶಗಳಿಗೆ ಅದನ್ನು ಗಟ್ಟಿಯಾಗಿ ಅಂಟಿಸಿದವರು ವಿಲಿಯಂ ಫಾಕ್ಸ್ ಅನ್ನುವ ಅಮೆರಿಕದ ವಿದ್ವಾಂಸರು, 1944ರಲ್ಲಿ. ಯುದ್ಧ ಇನ್ನೂ ಮುಗಿದಿರಲಿಲ್ಲ. ಅವರ ಲೆಕ್ಕದಲ್ಲಿ ಸೂಪರ್ ಪವರ್ ಮೂರು: ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್. ಹೌದು, ಬ್ರಿಟನ್ ಕೂಡ! ಬರೀ ಬಲ ಇದ್ದರೆ ಸಾಲದು, ಆ ಬಲವನ್ನು ಜಗತ್ತಿನ ಯಾವ ಮೂಲೆಗಾದರೂ ಒಯ್ಯುವ ತಾಕತ್ತು ಇರಬೇಕು ಅನ್ನುವುದು ಅವರ ಅಳತೆ.

ಬ್ರಿಟನ್ ಆ ಪಟ್ಟಿಯಿಂದ ಬಿದ್ದದ್ದು ಎಲ್ಲರ ಕಣ್ಣಿಗೆ ಕಂಡದ್ದು 1956ರಲ್ಲಿ. ಈಜಿಪ್ಟಿನ ಅಧ್ಯಕ್ಷ ನಾಸೆರ್ ಜುಲೈನಲ್ಲಿ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ದಾಳಿ ಮಾಡಿದವು. ಅಮೆರಿಕ ಒಂದು ಗುಂಡೂ ಹಾರಿಸಲಿಲ್ಲ. ಪೌಂಡ್ ಬೆಲೆ ಕುಸಿಯುತ್ತಿದ್ದಾಗ, ಸೈನ್ಯ ವಾಪಸ್ ತೆಗೆಯುವ ತನಕ ಸಹಾಯ ಇಲ್ಲ ಅಂತ ಕೈಕಟ್ಟಿ ಕೂತಿತು. ಡಿಸೆಂಬರ್ ಹೊತ್ತಿಗೆ ಬ್ರಿಟಿಷ್ ಪಡೆ ಮನೆ ಸೇರಿತು.

ಅದಕ್ಕೇ ನಿಮ್ಮ ಸರ್ “ಯಾವ ಅರ್ಥದಲ್ಲಿ?” ಅಂತ ಕೇಳಿದ್ದು. ‘ಬಲಾಢ್ಯ ರಾಷ್ಟ್ರ’ (ಇಂಗ್ಲಿಷಿನ ಗ್ರೇಟ್ ಪವರ್) ಹಳೆಯ ಕಲ್ಪನೆ. ಯುರೋಪಿನಲ್ಲಿ 1815ರ ವಿಯೆನ್ನಾ ಸಮ್ಮೇಳನದ ಹೊತ್ತಿಗೇ ಐದು ದೇಶ ಆ ಸಾಲಿನಲ್ಲಿ ಕೂತಿದ್ದವು: ಬ್ರಿಟನ್, ರಷ್ಯ, ಆಸ್ಟ್ರಿಯ, ಪ್ರಷ್ಯ, ಫ್ರಾನ್ಸ್. ಇವತ್ತು ಅದರಲ್ಲಿ ಪ್ರಷ್ಯ ನಕ್ಷೆಯಲ್ಲೇ ಇಲ್ಲ. ‘ಮಹಾಶಕ್ತಿ’ಯನ್ನು ಸೂಪರ್ ಪವರ್‌ಗೆ ಮಾತ್ರ ಇಟ್ಟುಕೊಂಡರೆ ಗೊಂದಲ ಕಡಿಮೆ. ಆಮೇಲೆ 1990ರ ದಶಕದ ಕೊನೆಯಲ್ಲಿ ಫ್ರಾನ್ಸಿನ ವಿದೇಶಾಂಗ ಸಚಿವ ಯೂಬೆರ್ ವೆದ್ರಿನ್ ಅಮೆರಿಕಕ್ಕೆ ಸೂಪರ್ ಕೂಡ ಸಾಲದು ಅಂತ ‘ಹೈಪರ್’ ಹಚ್ಚಿದರು. ಹೊಗಳಿಕೆಗಲ್ಲ, ಒಂದೇ ದೇಶಕ್ಕೆ ಇಷ್ಟು ಬಲ ಒಳ್ಳೆಯದಲ್ಲ ಅಂತ ಚುಚ್ಚೋಕೆ.

ಗಿರ್ಮಿಟ್_ಪ್ರಿಯ:
ಸೂಪರ್ ಪವರ್ ಅಂದರೆ ಕರೆಂಟ್ ಅಂತ ಓದುತ್ತಿದ್ದಾಗಲೇ ನಮ್ಮ ಮನೆ ಕರೆಂಟ್ ಹೋಯಿತು. ಸತ್ಯವಾಗಿಯೂ.

ಸಪ್ತಾಪುರ_ರೂಮ್:
ಪಾಠದಮನೆ ಸರ್, ತುಂಬಾ ಥ್ಯಾಂಕ್ಸ್. ಹಾಗಾದರೆ ಚೀನಾ? ಈಗ ಎಲ್ಲರೂ ಅದನ್ನೂ ಮಹಾಶಕ್ತಿ ಅಂತಾರಲ್ವಾ?

ಗದಗ_ಪಾಠದಮನೆ:
ಅದು ಮಜಾ ಇದೆ. 1974ರ ಏಪ್ರಿಲ್‌ನಲ್ಲಿ ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ವಿಶ್ವಸಂಸ್ಥೆಯಲ್ಲಿ ನಿಂತು, ಚೀನಾ ಸೂಪರ್ ಪವರ್ ಅಲ್ಲ, ಮುಂದೆಯೂ ಆಗಬಯಸುವುದಿಲ್ಲ ಅಂತ ಹೇಳಿದರು. ಆಗಿನ ಚೀನಾದವರ ಬಾಯಲ್ಲಿ ಅದು ಬೈಗುಳ. ಬೇರೆ ದೇಶವನ್ನು ತುಳಿಯುವವನು, ಸುಲಿಯುವವನು ಅಂತ ಅರ್ಥ. ಮಾವೊ ದೇಶಗಳನ್ನೆಲ್ಲ ಮೂರು ‘ಜಗತ್ತು’ ಅಂತ ವಿಂಗಡಿಸಿದ್ದರು; ಅವರ ‘ಮೊದಲ ಜಗತ್ತಿ’ನಲ್ಲಿ ಇದ್ದದ್ದು ಎರಡೇ ದೇಶ, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ. ನಾವು ಪಠ್ಯದಲ್ಲಿ ಓದುವ ‘ತೃತೀಯ ಜಗತ್ತು’ (ಎರಡೂ ಬಣಕ್ಕೆ ಸೇರದ ದೇಶಗಳು) ಬೇರೆ. ಅದು 1952ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಸೋವಿ ಕೊಟ್ಟ ಹೆಸರು. ಎರಡನ್ನೂ ಕಲಸಿ ಬರೆದವರ ಪೇಪರನ್ನು ನಾನೇ ಎಷ್ಟೋ ತಿದ್ದಿದ್ದೇನೆ.

ಹಿರಿಸೊಸೆ ಅಕ್ಕ ಹೇಳಿದ್ದಕ್ಕೆ ಒಂದು ಜೋಡಣೆ. 1950ರ ದಶಕದಲ್ಲಿ ಇದೇ ಚೀನಾದವರು ಸೋವಿಯತ್ ಒಕ್ಕೂಟವನ್ನು ‘ಹಿರಿಯಣ್ಣ’ ಅಂತ ಪ್ರೀತಿಯಿಂದಲೇ ಕರೆಯುತ್ತಿದ್ದರು. ಸೋವಿಯತ್ ಇಂಜಿನಿಯರ್‌ಗಳು ಬಂದು ಕಾರ್ಖಾನೆ ಕಟ್ಟಿಕೊಡುತ್ತಿದ್ದರು. 1960ರಲ್ಲಿ ಜಗಳ ಆಗಿ ಆ ತಜ್ಞರೆಲ್ಲ ನಕ್ಷೆ ಸುತ್ತಿಕೊಂಡು ವಾಪಸ್ ಹೋದರು. ಅಲ್ಲಿಗೆ ಅಣ್ಣ ಅನ್ನುವುದೂ ಮುಗಿಯಿತು.

ಹಾವೇರಿ_ಹಿರಿಸೊಸೆ:
ಬಾವಿ ಹೊಲ ಎಲ್ಲಾ ಕಡೆ ಇದೆ ಅಂತಾಯಿತು.

ಲಕ್ಕುಂಡಿ_ಕಲ್ಲು:
ನೀವೆಲ್ಲ 1815, 1944 ಅಂತಿದ್ದೀರಿ. ನಮ್ಮೂರಿಗೆ ಬನ್ನಿ. ಶಾಸನದ ಕಲ್ಲಿನ ಮೇಲೆ ಸಾವಿರ ವರ್ಷದ ಹಿಂದೆಯೇ ಈ ಲೆಕ್ಕ ಪಕ್ಕಾ ಇತ್ತು.

ಕಲ್ಯಾಣ ಚಾಳುಕ್ಯರ ಕಾಲದ ಶಾಸನ ಶುರುವಾಗುವುದೇ ಚಕ್ರವರ್ತಿಯ ಬಿರುದಿನಿಂದ: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ. ಇದು ಒಬ್ಬನಿಗೆ ಮಾತ್ರ. ಅವನ ಕೆಳಗಿನವರಿಗೆ ‘ಸಮಧಿಗತ ಪಂಚಮಹಾಶಬ್ದ ಮಹಾಮಂಡಳೇಶ್ವರ’. ಅಂದರೆ ಐದು ವಾದ್ಯ ಮೊಳಗಿಸಿಕೊಳ್ಳುವ ಹಕ್ಕು ಮೇಲಿನವನಿಂದ ಪಡೆದವನು. ಇಲ್ಲಿ ‘ಮಹಾ’ ಅಂತ ಇದ್ದರೂ ಮೋಸಹೋಗಬೇಡಿ, ಅವನು ಸಾಮಂತ. ಹಾನಗಲ್ಲಿನ ಕದಂಬರು ಹೀಗೆ ಮಹಾಮಂಡಳೇಶ್ವರರಾಗಿದ್ದರು. ‘ಮಹಾ’ ಹಚ್ಚಿದ ತಕ್ಷಣ ಮಹಾಶಕ್ತಿ ಆಗಲ್ಲ ತಂಗಿ, ಯಾರು ಹಚ್ಚಿದ್ದು ಅಂತ ನೋಡಬೇಕು.

ನನಗೆ ಬಹಳ ಸೇರುವ ಪದ ಇನ್ನೊಂದಿದೆ. ಚಕ್ರವರ್ತಿಯ ಹೆಸರು ಮುಗಿದ ಮೇಲೆ ಸಾಮಂತನ ಪರಿಚಯ ಬರುತ್ತದಲ್ಲ, ಅಲ್ಲಿ ಕೆತ್ತಿರುತ್ತಾರೆ: ‘ತತ್ಪಾದಪದ್ಮೋಪಜೀವಿ’. ಅವನ ಪಾದಕಮಲವನ್ನು ನೆಚ್ಚಿ ಬದುಕುವವನು. ಮೊದಲ ಸಲ ಸಂಜೆಯ ಓರೆ ಬಿಸಿಲಿನಲ್ಲಿ ಆ ಅಕ್ಷರ ಕೂಡಿಸಿ ಓದಿದಾಗ ನಕ್ಕಿದ್ದೆ. ಇವತ್ತಿನ ಟಿವಿಯಲ್ಲಿ ಇದಕ್ಕೆ ‘ಮಿತ್ರರಾಷ್ಟ್ರ’ ಅಂತಾರೆ. ನಮ್ಮ ಹಳಬರು ಸುತ್ತಿಬಳಸುತ್ತಿರಲಿಲ್ಲ.

ನಮ್ಮೂರಲ್ಲಿ ಟಂಕಸಾಲೆ ಇತ್ತು. ‘ಲೊಕ್ಕಿ ಗದ್ಯಾಣ’ ಅಂತ ಶಾಸನಗಳಲ್ಲಿ ಬರುವ ನಾಣ್ಯ ಇಲ್ಲಿನದು. ಈಗ ಡಾಲರ್ ಅಂದ ಹಾಗೆ ಆಗ ಇಷ್ಟು ಲೊಕ್ಕಿ ಗದ್ಯಾಣ ದಾನ ಅಂತ ಬರೆಸುತ್ತಿದ್ದರು. ಪೌಂಡಿನ ಕತೆ ಓದಿದಾಗ ಅದೇ ನೆನಪಾಯಿತು.

ಗಿರ್ಮಿಟ್_ಪ್ರಿಯ:
ಪ್ರಬಂಧದಲ್ಲಿ “ಬ್ರಿಟನ್ ಅಮೆರಿಕದ ತತ್ಪಾದಪದ್ಮೋಪಜೀವಿ” ಅಂತ ಬರೆಯಿರಿ. ಗೆರೆ ಹಾಕೋಕೆ ಸರ್ ಪೆನ್ನಿನಲ್ಲಿ ಇಂಕ್ ಸಾಲಲ್ಲ.

ಅದಿರಲಿ, ‘ವಿಶ್ವಗುರು’ ಯಾವ ಪಟ್ಟಿಗೆ ಬರುತ್ತದೆ?

ನಿರ್ವಾಹಕ:
ಮೇಲಿನ ಪ್ರಶ್ನೆಯ ಕೆಳಗೆ ಬಂದ ಒಂಬತ್ತು ಉತ್ತರ ತೆಗೆದಿದ್ದೇನೆ. ಪಕ್ಷದ ಜಗಳಕ್ಕೆ ಬೇರೆ ಕಡೆ ಜಾಗ ಇದೆ. ಪದದ ಬಗ್ಗೆ ಮಾತಾಡುವುದಾದರೆ ಮುಂದುವರಿಸಿ.

ಗದಗ_ಪಾಠದಮನೆ:
ಪದದ ಬಗ್ಗೆ ಒಂದೇ ಸಾಲು: ಗುರು ಅನ್ನುವುದನ್ನು ಶಿಷ್ಯರು ಹೇಳಬೇಕು. ಪರೀಕ್ಷೆಯಲ್ಲಿ ಬೇಡ. ‘ಉದಯೋನ್ಮುಖ ಶಕ್ತಿ’, ‘ಪ್ರಾದೇಶಿಕ ಶಕ್ತಿ’ ಅಂತ ಬರೆದರೆ ಯಾರೂ ತಕರಾರು ಮಾಡಲ್ಲ.

ನಿವೃತ್ತ_ಉಪಸಂಪಾದಕ:
ನಾಮಪದ ಸಾಕು, ಕ್ರಿಯಾಪದಕ್ಕೆ ಬನ್ನಿ. ನಿಜವಾದ ಕೈಚಳಕ ಇರುವುದು ಅಲ್ಲೇ. ನಮ್ಮ ಡೆಸ್ಕಿನಲ್ಲಿ ಯಾರೂ ಬರೆದಿಡದ ಒಂದು ನಿಘಂಟು ಇತ್ತು. ಅಮೆರಿಕ ಯಾವಾಗಲೂ ‘ಕಳವಳ ವ್ಯಕ್ತಪಡಿಸುತ್ತದೆ’ ಇಲ್ಲವೇ ‘ಎಚ್ಚರಿಸುತ್ತದೆ’. ಚೀನಾ ‘ಕ್ಯಾತೆ ತೆಗೆಯುತ್ತದೆ’. ಪಾಕಿಸ್ತಾನದ್ದು ‘ಕಿತಾಪತಿ’. ಉತ್ತರ ಕೊರಿಯದ್ದು ‘ಉದ್ಧಟತನ’. ಬ್ರಿಟನ್ ‘ಅಭಿಪ್ರಾಯಪಡುತ್ತದೆ’. ನೇಪಾಳ, ಮಾಲ್ಡೀವ್ಸ್ ಏನಾದರೂ ಗಟ್ಟಿ ಮಾತಾಡಿದರೆ ‘ತಗಾದೆ’. ಒಂದೇ ಥರದ ಹೇಳಿಕೆ ಐದು ರಾಜಧಾನಿಯಿಂದ ಬಂದರೂ ಐದು ಕ್ರಿಯಾಪದ.

ಬಾಂಬು ಹಾಕಿದ ಸುದ್ದಿಯೂ ಹಾಗೇ. ದೊಡ್ಡ ದೇಶ ಹಾಕಿದರೆ ‘ಕಾರ್ಯಾಚರಣೆ’. ಸಣ್ಣದು ಹಾಕಿದರೆ ‘ಪುಂಡಾಟ’. ಯಾರೂ ನಮಗೆ ಹೀಗೆ ಬರೆಯಿರಿ ಅಂತ ಹೇಳಿಕೊಟ್ಟಿರಲಿಲ್ಲ. ಕೈ ತಾನೇ ಬರೆಯುತ್ತಿತ್ತು.

ಮುಂಡರಗಿ_ಮಾಸ್ತರ:
ನಾನು ನಿವೃತ್ತ ಶಾಲಾ ಮಾಸ್ತರ. ಈ ಪದಗಳೆಲ್ಲ ಆಮೇಲೆ ಕಲಿತವು. ನಮಗೆ ಅಮೆರಿಕ ಗೊತ್ತಾದದ್ದು ತಟ್ಟೆಯಲ್ಲಿ.

1966ರ ಬರಗಾಲ. ರೇಷನ್ ಅಂಗಡಿಗೆ ಅಮೆರಿಕದ ಕೆಂಪು ಜೋಳ ಬಂತು, ಮೈಲೋ ಅಂತಿದ್ದರು. ನಮ್ಮವ್ವನಷ್ಟು ತೆಳ್ಳಗೆ ರೊಟ್ಟಿ ಬಡಿಯುವವರು ಓಣಿಯಲ್ಲಿ ಇರಲಿಲ್ಲ. ಅವಳ ಕೈಯಲ್ಲೂ ಆ ಹಿಟ್ಟು ನಿಲ್ಲುತ್ತಿರಲಿಲ್ಲ, ಅಂಚು ಹರಿಯುತ್ತಿತ್ತು. ಬಿಸಿನೀರು ಹಾಕಿ ನಾದಿದರೂ ಅಷ್ಟೇ. ಕೊನೆಗೆ ನುಚ್ಚು ಮಾಡಿ ಇಟ್ಟಳು. ನಾವು ಮುಖ ಕಿವುಚಿದರೆ “ಉಣ್ಣಾಕ ಕೊಟ್ಟವರಿಗೆ ಬೈಬ್ಯಾಡ್ರಿ, ಜ್ವಾಳಕ್ಕ ಬೈರಿ” ಅಂತಿದ್ದಳು. ಆಮೇಲೆ ನಾನು ಮಾಸ್ತರ ಆದಾಗ ಶಾಲೆಯಲ್ಲಿ ‘ಕೇರ್’ ಅನ್ನುವ ಅಮೆರಿಕದ ಸಂಸ್ಥೆಯ ಉಪ್ಪಿಟ್ಟು. ಬೇಯುವ ವಾಸನೆ ಬಂದರೆ ಮಕ್ಕಳ ಕಣ್ಣು ಬೋರ್ಡಿನ ಮೇಲೆ ನಿಲ್ಲುತ್ತಿರಲಿಲ್ಲ.

ರಷ್ಯ ಗೊತ್ತಾದದ್ದು ನೋಟ್‌ಬುಕ್ಕಿನ ಮೇಲೆ. ಅಲ್ಲಿಂದ ಹೊಳಪು ಕಾಗದದ ಪತ್ರಿಕೆ ಬರುತ್ತಿತ್ತು. ಯಾರು ಓದುತ್ತಿದ್ದರೋ ಗೊತ್ತಿಲ್ಲ, ಜೂನ್ ತಿಂಗಳಲ್ಲಿ ಎಲ್ಲ ಮಕ್ಕಳ ಪುಸ್ತಕಕ್ಕೂ ಅದೇ ಕವರ್. ಟ್ರ್ಯಾಕ್ಟರ್ ಮೇಲೆ ಕೂತು ನಗುವ ಹೆಣ್ಣುಮಗಳ ಚಿತ್ರದ ಕೆಳಗೆ ‘ಸಮಾಜ ವಿಜ್ಞಾನ, 6ನೇ ಇಯತ್ತೆ’.

ಎರಡು ಮಹಾಶಕ್ತಿ ಅಂತ ಪಾಠ ಮಾಡುವಾಗ ನನ್ನ ತಲೆಯಲ್ಲಿ ಇದ್ದದ್ದು ಈ ಉಪ್ಪಿಟ್ಟು ಮತ್ತು ಆ ಕವರ್.

ಗದಗ_ಪಾಠದಮನೆ:
ಮಾಸ್ತರೇ, ನಿಮ್ಮ ಕೆಂಪು ಜೋಳದ ಹಿಂದೆ ಒಂದು ರಾಜಕೀಯ ಇತ್ತು. ಪಿಎಲ್ 480 ಅನ್ನುವ ಅಮೆರಿಕದ ಕಾನೂನಿನ ಕೆಳಗೆ ಆ ಧಾನ್ಯ ಬರುತ್ತಿತ್ತು. 1965ರಿಂದ ಅಲ್ಲಿನ ಅಧ್ಯಕ್ಷ ಜಾನ್ಸನ್ ಅದನ್ನು ವರ್ಷದ ಒಪ್ಪಂದ ಬಿಟ್ಟು ತಿಂಗಳ ಲೆಕ್ಕಕ್ಕೆ ತಂದರು. ಕೃಷಿ ನೀತಿ ಬದಲಿಸಿ ಅನ್ನುವುದು ಒಂದು ಒತ್ತಡ. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದೂ ಅವರಿಗೆ ಹಿಡಿಸಿರಲಿಲ್ಲ. ಹಡಗು ಬರುತ್ತದೋ ಇಲ್ಲವೋ ಅಂತ ದೆಹಲಿ ಪ್ರತಿ ತಿಂಗಳು ಕಾಯಬೇಕಾಯಿತು.

ಮುಂಡರಗಿ_ಮಾಸ್ತರ:
ಅವ್ವ ಇದ್ದಿದ್ದರೆ ಇದನ್ನು ಓದಿ ಹೇಳುತ್ತಿದ್ದೆ. ಜೋಳಕ್ಕೇ ಬೈಯಬೇಕಾ ಅಂತ ಕೇಳುತ್ತಿದ್ದೆ.

ರಾಣೇಬೆನ್ನೂರು_ಮಾಜಿ_ಜವಾನ:
ಮೂರು ದಿನದಿಂದ ಸುಮ್ನೆ ಓದುತ್ತಿದ್ದೆ. ‘ದೊಡ್ಡಣ್ಣ’ ಅಂದರೆ ಯಾವಾಗಲೂ ಬೇರೆ ದೇಶ ಅಂತ ಎಲ್ಲರೂ ಅಂದುಕೊಂಡ ಹಾಗಿದೆ. ಅದಕ್ಕೆ ಬರೆಯುತ್ತಿದ್ದೇನೆ.

1987ರ ಜುಲೈನಲ್ಲಿ ಭಾರತ–ಶ್ರೀಲಂಕಾ ಒಪ್ಪಂದ ಆಯಿತು. ಅಲ್ಲಿನ ಸರ್ಕಾರ ಮತ್ತು ತಮಿಳು ಹೋರಾಟಗಾರರ ಯುದ್ಧ ನಿಲ್ಲಿಸೋಕೆ ನಮ್ಮ ಸೈನ್ಯವನ್ನು ಕಳಿಸಿದರು. ಕಾಗದದ ಮೇಲೆ ನಮ್ಮ ಹೆಸರು ಶಾಂತಿಪಾಲನಾ ಪಡೆ. ನಾನು ಹೋಗಿದ್ದು 1988ರಲ್ಲಿ, ಜಾಫ್ನಾ ಕಡೆ. ಒಂದು ದಿನ ಬೆಳಿಗ್ಗೆ ರಸ್ತೆ ತಡೆಯಲ್ಲಿ ನಿಂತಿದ್ದೆ. ಸೈಕಲ್ ತಳ್ಳಿಕೊಂಡು ಒಬ್ಬ ಅಜ್ಜ ಬಂದರು. ಹಿಂದಿನ ಕ್ಯಾರಿಯರ್‌ಗೆ ತಾಳೆಗರಿಯ ಬುಟ್ಟಿ ಕಟ್ಟಿದ್ದರು. ತೆಗೆದು ತೋರಿಸಿ ಅಂದೆ. ಹಗ್ಗ ಬಿಚ್ಚಿದರು. ಒಳಗೆ ನಾಲ್ಕು ಬದನೆಕಾಯಿ, ಒಂದು ಔಷಧಿ ಬಾಟಲಿ. ಮತ್ತೆ ಹಗ್ಗ ಕಟ್ಟುತ್ತಾ ತಲೆ ಎತ್ತದೆ ಕೇಳಿದರು: “ಪೆರಿಯಣ್ಣನ್, ಪೋಗಲಾಮಾ?” ದೊಡ್ಡಣ್ಣಾ, ಹೋಗಬಹುದಾ?

ನನಗೆ ಆಗ 23 ವರ್ಷ. ಅವರಿಗೆ 70 ದಾಟಿರಬೇಕು. ನಮ್ಮೂರಲ್ಲಾದರೆ ನಾನು ಅವರ ಕಾಲು ಮುಟ್ಟುವ ವಯಸ್ಸು. ಅವರು ನನ್ನನ್ನು ಕರೆಯಲಿಲ್ಲ, ನನ್ನ ಹಿಂದಿದ್ದ ದೇಶವನ್ನು ಕರೆದರು ಅಂತ ಬಹಳ ದಿನ ಆದ ಮೇಲೆ ತಿಳಿಯಿತು.

1989ರಲ್ಲಿ ಅಲ್ಲಿನ ಅಧ್ಯಕ್ಷ ಪ್ರೇಮದಾಸ ಹೊರಡಿ ಅಂದರು. 1990ರ ಮಾರ್ಚಿಗೆ ಪೂರ್ತಿ ವಾಪಸ್ ಬಂದೆವು. ನಮ್ಮವರು ಸಾವಿರಕ್ಕೂ ಜಾಸ್ತಿ ಜನ ಅಲ್ಲೇ ತೀರಿಕೊಂಡರು. ಅವರಲ್ಲಿ ಇಬ್ಬರು ನನ್ನ ಪಕ್ಕದ ಮಂಚದವರು. ಅವರಿಬ್ಬರೂ ಯಾರ ಮೇಲೂ ದೊಡ್ಡಸ್ತಿಕೆ ಮಾಡಿದವರಲ್ಲ, ಅದನ್ನೂ ಬರೆಯಬೇಕು.

ಹಾವೇರಿ_ಹಿರಿಸೊಸೆ:
ಅಣ್ಣಾರೆ, ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ನಮ್ಮ ಯಜಮಾನರಿಗೂ ಓದಿ ಹೇಳಿದೆ. ಏನೂ ಅನ್ನಲಿಲ್ಲ.

ನಿವೃತ್ತ_ಉಪಸಂಪಾದಕ:
ಜವಾನ ಸರ್, ಆ ವರ್ಷಗಳಲ್ಲಿ ಕೊಲಂಬೊದಿಂದ ಬರುತ್ತಿದ್ದ ಏಜೆನ್ಸಿ ಸುದ್ದಿಯಲ್ಲಿ ಭಾರತಕ್ಕೆ ‘ಬಿಗ್ ಬ್ರದರ್’ ಅಂತ ಇರುತ್ತಿತ್ತು. ನಾನೇ ಎಷ್ಟೋ ಸಲ ಅನುವಾದ ಮಾಡುವಾಗ ಅದನ್ನು ‘ನೆರೆಯ ರಾಷ್ಟ್ರ’ ಅಂತ ಮಾಡಿದ್ದೇನೆ. ಮೇಲಿನವರು ಯಾರೂ ಹೇಳಿರಲಿಲ್ಲ. ಅಮೆರಿಕಕ್ಕೆ ಕೂಡಲೇ ನೆನಪಾಗುತ್ತಿದ್ದ ‘ದೊಡ್ಡಣ್ಣ’ ಅಲ್ಲಿ ನೆನಪಾಗಲಿಲ್ಲ.

ಲಕ್ಕುಂಡಿ_ಕಲ್ಲು:
ಶಾಸನದಲ್ಲೂ ಅಷ್ಟೇ ಸರ್. ಗೆದ್ದವರ ಬಿರುದು ಗೆದ್ದವರ ಕಲ್ಲಿನ ಮೇಲೆ. ಸೋತವರು ಮನೆಯಲ್ಲಿ ಏನಂತ ಕರೆಯುತ್ತಿದ್ದರು ಅನ್ನುವುದಕ್ಕೆ ಕಲ್ಲಿಲ್ಲ.

ಸಪ್ತಾಪುರ_ರೂಮ್:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಅದೇ ಪ್ರಬಂಧ ಮತ್ತೆ ಬರೆದು ಕೊಟ್ಟೆ. ‘ವಿಶ್ವದ ದೊಡ್ಡಣ್ಣ ಅಮೆರಿಕ’ ತೆಗೆದೆ, ಮಹಾಶಕ್ತಿಯೂ ಬೇಡ ಅಂತ ಬಿಟ್ಟೆ. ಈಗ ವಾಕ್ಯ ಹೀಗಿದೆ: “1965ರಿಂದ ಅಮೆರಿಕ ಭಾರತಕ್ಕೆ ಧಾನ್ಯ ಕಳಿಸುವುದನ್ನು ತಿಂಗಳ ಲೆಕ್ಕಕ್ಕೆ ಇಳಿಸಿ, ಕೃಷಿ ನೀತಿ ಬದಲಿಸುವಂತೆ ಒತ್ತಡ ಹೇರಿತು.” ಅದರ ಮುಂದಿನ ಪ್ಯಾರಾದಲ್ಲಿ ಶ್ರೀಲಂಕಾ ಬಗ್ಗೆ ಎರಡು ಸಾಲು ಸೇರಿಸಿದೆ. ಈ ಸಲ ಗೆರೆ ಇಲ್ಲ. ಪಕ್ಕದಲ್ಲಿ ಒಂದು ರೈಟ್ ಗುರುತು, ಅಷ್ಟೇ.

ಗಿರ್ಮಿಟ್_ಪ್ರಿಯ:
ಪಾರ್ಟಿ ಯಾವಾಗ? ಲೈನ್ ಬಜಾರ್‌ನ ಪೇಢೆ ಆದರೂ ಸಾಕು.

ನಿವೃತ್ತ_ಉಪಸಂಪಾದಕ:
ವಾಕ್ಯ ಚೆನ್ನಾಗಿದೆ ತಂಗಿ. ಆದರೆ ಎರಡು ಕಾಲಂಗೆ ಹಿಡಿಸಲ್ಲ.